ಇನ್ನೂ ಓದ್ತಾನೇ ಇದ್ದೀಯಾ?

ಹುತ್ತರಿ ಹಬ್ಬಕ್ಕೆ ಊರಿಗೆ ಹೋದರೆ ಕೇಳುತ್ತಾರೆ, ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೈ ತೊಳೆಯೋ ಹೊತ್ತಿಗೂ ಬಿಡುವುದಿಲ್ಲ: “ಇನ್ನೂ ಓದ್ತಾನೇ ಇದ್ದೀಯಾ? ಯಾವಾಗ ಮುಗಿಯೋದು?” ಎಂಎಸ್‌ಸಿ ಆದಮೇಲೆ ಪಿಎಚ್‌ಡಿಗೆ ಸೇರಿ ಇದು ನಾಲ್ಕನೇ ವರ್ಷ. ಇಷ್ಟು ದಿನ ನಕ್ಕು ಜಾರಿಕೊಳ್ಳುತ್ತಿದ್ದೆ.

ಓದು ಮುಗಿದು ಮೂರು ವರ್ಷವಾಯಿತು, ಸ್ವಾಮಿ. ಪಾಠ, ಪರೀಕ್ಷೆ ಅಂತ ಇದ್ದದ್ದು ಕೋರ್ಸ್‌ವರ್ಕ್ ಒಂದೇ. ಕನಿಷ್ಠ 12 ಕ್ರೆಡಿಟ್, ಮೊದಲ ವರ್ಷವೇ ಆಯಿತು. ಅಲ್ಲಿಂದಾಚೆಗೆ ಕೆಲಸ. ನನ್ನದು ತರಗೆಲೆ ತೂಗುವ ಕೆಲಸ.

ನಗುವವರು ನಗಿ, ನಮ್ಮಪ್ಪ ಮೊದಲೇ ನಕ್ಕಾಗಿದೆ. ನಮ್ಮ ಕಾಫಿ ತೋಟಗಳಲ್ಲಿ ಹಳೆಯ ಕಾಡುಮರ ಹೋಗಿ ಸಿಲ್ವರ್ ಓಕ್ ಮರ ಬರುತ್ತಿರುವುದು ಎಲ್ಲರಿಗೂ ಗೊತ್ತು. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆ, ಬೀಟೆ ಕಡಿಯುವಷ್ಟು ಕಟ್ಟುಪಾಡೂ ಇಲ್ಲ. ಆದರೆ ಅದರ ಎಲೆ ಮಣ್ಣಾಗಲು ಎಷ್ಟು ದಿನ ಬೇಕು? ಹಲಸಿನದಕ್ಕೆ, ಅತ್ತಿಯದಕ್ಕೆ? ಒಣಗಿಸಿದ 10 ಗ್ರಾಂ ಎಲೆಯನ್ನು ನೈಲಾನ್ ಬಲೆಯ ಚೀಲದಲ್ಲಿ ಹೊಲಿದು ಕಾಫಿ ಬುಡದಲ್ಲಿ ಇಡುತ್ತೇನೆ. ತಿಂಗಳಿಗೊಮ್ಮೆ ಕೆಲವನ್ನು ತಂದು, ಮಣ್ಣು, ಬೇರು, ಜಿಗಣೆ ಎಲ್ಲ ಕಿತ್ತು, ಓವನ್ನಿನಲ್ಲಿ ಒಣಗಿಸಿ ಮತ್ತೆ ತೂಗುತ್ತೇನೆ. ಕಮ್ಮಿಯಾದಷ್ಟು ನನ್ನ ಸಂಪಾದನೆ.

ಎರಡನೇ ವರ್ಷ ಆಗಸ್ಟಿನಲ್ಲಿ ಹೋದರೆ ಒಂದು ಚೀಲವೂ ಇಲ್ಲ. ಕಳೆ ತೆಗೆಯುತ್ತಿದ್ದ ಹೆಂಗಸು ಖುಷಿಯಿಂದ ಹೇಳಿದಳು, “ಅಕ್ಕಾ, ಗಿಡದಡಿ ಎಲ್ಲ ಪ್ಲಾಸ್ಟಿಕ್ ಬಿದ್ದಿತ್ತು. ಒಂದೂ ಬಿಡದೆ ಆಯ್ದು ಸುಟ್ಟೆ.” ತೋಟದ ಯಜಮಾನರಿಗೆ ಹೇಳಿದ್ದೆ, ತೋಟದಲ್ಲಿ ದಿನಾ ಬಗ್ಗಿ ದುಡಿಯುವವಳಿಗೆ ಹೇಳಿರಲಿಲ್ಲ. ತಪ್ಪು ನನ್ನದೇ. ಅವಳು ಕೊಟ್ಟ ಕರಿಕಾಫಿ ಕುಡಿದು ಬಂದೆ. ಮಳೆಗಾಲ ವರ್ಷಕ್ಕೊಂದೇ, ಹಾಗಾಗಿ ಮುಂದಿನ ಜೂನ್‌ವರೆಗೆ ಕಾಯುವುದೇ.

ಯಾವಾಗ ಮುಗಿಯೋದು ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ಅಂತಿದೆ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು ಸಿಗುತ್ತದೆ. ನಡುವಿನದೆಲ್ಲ ಎಲೆ ಕೊಳೆತಂತೆ. ಅರೇಬಿಕಾ ಸಸಿ ನೆಟ್ಟು ಮೂರ್ನಾಲ್ಕು ವರ್ಷ ಫಸಲಿಗೆ ಕಾಯುವ ಜನ ನಾವು, ಗಿಡವನ್ನು ಯಾರೂ ‘ಇನ್ನೂ ಬೆಳೀತಾನೇ ಇದ್ದೀಯಾ’ ಅಂತ ಕೇಳುವುದಿಲ್ಲ.

ದುಡ್ಡಿನ ವಿಷಯ: ಅಪ್ಪ ಲಕ್ಷಗಟ್ಟಲೆ ಸುರಿಯುತ್ತಿದ್ದಾರೆ ಅಂತ ಕೆಲವರ ಲೆಕ್ಕ. ಇಲ್ಲ. ನನಗೆ ಜೆಆರ್‌ಎಫ್ ಇತ್ತು, ಅಂದರೆ ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಕೊಡುವ ಫೆಲೋಶಿಪ್. 2023ರ ಜನವರಿಯಿಂದ ಅದು ತಿಂಗಳಿಗೆ 37,000, ಎರಡು ವರ್ಷದ ನಂತರ ಅದರ ಮುಂದಿನ ಹಂತ ಎಸ್‌ಆರ್‌ಎಫ್, 42,000. ಕೆಲವೊಮ್ಮೆ ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ, ಆ ಮೂರು ತಿಂಗಳು ಮಾತ್ರ ಅಪ್ಪನೇ. ಫೆಲೋಶಿಪ್ಪೇ ಇಲ್ಲದೆ, ಸಂಜೆ ಟ್ಯೂಷನ್ ಹೇಳಿ ಪಿಎಚ್‌ಡಿ ಮಾಡುವವರೂ ನನ್ನ ಜೊತೆಗಿದ್ದಾರೆ. ಪ್ರಶ್ನೆ ಅವರನ್ನು ಕೇಳಿದರೆ ಉತ್ತರ ಇಷ್ಟು ಮೆತ್ತಗಿರುವುದಿಲ್ಲ.

ಮದುವೆಯ ವಿಷಯ ಅಮ್ಮನನ್ನು ಕೇಳಿ.

ಇನ್ನು ‘ಡಾಕ್ಟ್ರು’ ಅನ್ನಿಸಿಕೊಳ್ಳುವ ವಿಷಯ. ಪದವಿ ಬರುವ ಮೊದಲೇ ಪಕ್ಕದ ತೋಟದ ಮಾಮ ಗೋಣಿಚೀಲದಲ್ಲಿ ಒಂದು ಕಾಫಿ ಕಾಂಡ ಹೊತ್ತು ತಂದು ಜಗಲಿ ಮೇಲಿಟ್ಟರು. ತೊಗಟೆ ಮೇಲೆ ಉಬ್ಬುಗೆರೆ ಎದ್ದಿತ್ತು. ಕತ್ತಿಯಲ್ಲಿ ಸೀಳಿದರೆ ಪುಡಿ ತುಂಬಿದ ಸುರಂಗ, ಕೊನೆಯಲ್ಲಿ ಬಿಳಿ ಹುಳ. ಬೋರರ್, ಕಾಂಡ ಕೊರೆಯುವ ಹುಳ. ನನ್ನ ವಿಷಯವೇ ಅಲ್ಲ, ಆದರೂ “ಕಿತ್ತು ಸುಡಿ, ಮಾಮ” ಅಂದೆ.

“ಅದು ನಂಗೂ ಗೊತ್ತು. ಇದಕ್ಕೆ ನಾಲ್ಕು ವರ್ಷ ಬೇಕಿತ್ತಾ?”

ಹೊರಟವರು ಮೆಟ್ಟಿಲಲ್ಲಿ ನಿಂತರು. “ಆ ಎಲೆ ಚೀಲ ನಮ್ಮಲ್ಲೂ ಇಡ್ತೀಯಾ? ಸಿಲ್ವರ್ ಅಡಿ ಮಣ್ಣು ಯಾಕೋ ಬೇರೆ ಥರ ಆಗ್ತಿದೆ.”

ಮಳೆಗೆ ಮೊದಲು 24 ಚೀಲ ಇಟ್ಟು ಬಂದೆ. ಈ ಸಲ ಕೆಲಸದವರಿಗೆಲ್ಲ ತೋರಿಸಿದ್ದೇನೆ. ಗೈಡ್‌ಗೆ ಮಾತ್ರ ಇನ್ನೂ ಹೇಳಿಲ್ಲ.