ಮರೆಯಲ್ಲಿರಲಿ, ಬಿಸಿಯಲ್ಲಿ ಬೇಡ

ಹೊಸನಗರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧ ಕೊಡುವ ಕೆಲಸ ನನ್ನದು. ಬಿಪಿ ಮಾತ್ರೆ, ಜ್ವರದ ಮಾತ್ರೆಗಳ ಜೊತೆ ಕಾಂಡೋಮ್ ಸ್ಟಾಕ್ ನೋಡಿಕೊಳ್ಳುವುದೂ ನಾನೇ. ಯಾರಾದರೂ ಕಿಟಕಿ ಹತ್ತಿರ ಬಂದು 'ಹರಿದೋಯ್ತು' ಅಂತ ಮೆಲ್ಲಗೆ ಹೇಳಿದರೆ, ಮೊದಲು ಕೇಳುವುದು ಒಂದೇ ಪ್ರಶ್ನೆ: ಎಲ್ಲಿಟ್ಟಿದ್ರಿ?

ಹೆಚ್ಚಿನವರು ಪರ್ಸ್ ಅನ್ನುತ್ತಾರೆ. ಇಲ್ಲಾಂದ್ರೆ ಬೈಕಿನ ಡಿಕ್ಕಿ, ಬಚ್ಚಲ ಒಲೆ ಪಕ್ಕದ ಗೂಡು, ಅಡುಗೆಮನೆ ಮೇಲಿನ ಅಟ್ಟ. ಯಾಕೆ ಅಲ್ಲಿ ಅಂತ ಕೇಳುವ ಅಗತ್ಯ ಇಲ್ಲ. ಅತ್ತೆ, ಮಾವ, ಮಕ್ಕಳು ಎಲ್ಲ ಓಡಾಡುವ ಮನೆಯಲ್ಲಿ ಬೇರೆಯವರ ಕೈಗೆ ಸಿಗದ ಜಾಗ ಅಂದರೆ ಅಷ್ಟೇ. ತೊಂದರೆ ಏನಂದ್ರೆ, ಈ ಜಾಗಗಳೆಲ್ಲ ಬಿಸಿ.

ಹೆಚ್ಚಿನ ಕಾಂಡೋಮ್‌ಗಳು ಲೇಟೆಕ್ಸಿನವು. ಸಾಗರ, ಹೊಸನಗರ ಕಡೆಯ ತೋಟಗಳಲ್ಲಿ ಮರಕ್ಕೆ ಕಟ್ಟಿದ ಚಿಪ್ಪಿಗೆ ಇಳಿಯುತ್ತಲ್ಲ, ಅದೇ ರಬ್ಬರ್ ಹಾಲು. ಬಿಸಿ ಮತ್ತು ಬಿಸಿಲು ಬಿದ್ದಷ್ಟೂ ರಬ್ಬರ್ ಬೇಗ ಹಳತಾಗುತ್ತದೆ, ಎಳೆತ ತಡೆಯುವ ಶಕ್ತಿ ಹೋಗುತ್ತದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಸ್ಟೋರ್ ರೂಮಿನಲ್ಲಿ 30 ಡಿಗ್ರಿ ದಾಟದ ಹಾಗೆ ಇಡಿ ಅನ್ನುವುದು ಇದಕ್ಕೇ. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯಲ್ಲಿ ನೆರಳಲ್ಲೇ 35 ದಾಟುತ್ತದೆ, ಇನ್ನು ಬಿಸಿಲಿಗೆ ನಿಂತ ಬೈಕಿನ ಡಿಕ್ಕಿ ಹೇಗಿರಬೇಡ! ಪರ್ಸಿನಲ್ಲಾದರೆ ಮೈ ಶಾಖದ ಜೊತೆ ಉಜ್ಜಾಟವೂ ಸೇರುತ್ತದೆ. ಕೂತಾಗೆಲ್ಲ ಮಡಚುತ್ತದೆ, ಪ್ಯಾಕೆಟ್ಟಿನ ಅಂಚು ಸವೆಯುತ್ತದೆ. ಒಂದು ರಾತ್ರಿಯ ಮಟ್ಟಿಗೆ ಜೇಬಿನಲ್ಲಿಟ್ಟುಕೊಂಡು ಹೋಗುವುದು ಬೇರೆ. ತಿಂಗಳುಗಟ್ಟಲೆ ಅಲ್ಲೇ ಬಿಟ್ಟಿದ್ದನ್ನು ನಂಬಬೇಡಿ.

ನಮ್ಮ ಕಡೆ ಜನ ಮಳೆಗೇ ಜಾಸ್ತಿ ಹೆದರುತ್ತಾರೆ. ಜುಲೈ ಬಂತೆಂದರೆ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಸ್ಟು. ಹಾಗಾಗಿ ಇದನ್ನೂ ಒಲೆ ಹತ್ತಿರ ಬೆಚ್ಚಗಿಡುತ್ತಾರೆ. ಪ್ಯಾಕೆಟ್ ತೂತಾಗದೆ ಗಟ್ಟಿ ಇದ್ದರೆ ತೇವ ಒಳಗೆ ಹೋಗುವುದಿಲ್ಲ. ತೇವ ಹಾಳು ಮಾಡುವುದು ಹೊರಗಿನ ರಟ್ಟಿನ ಪೆಟ್ಟಿಗೆಯನ್ನು. ರಟ್ಟು ಮೆತ್ತಗಾಗಿ ಕುಸಿಯುತ್ತದೆ, ತಾರೀಕು ಅಳಿಸುತ್ತದೆ. ತಾರೀಕು ಓದಲಾಗದ ಪ್ಯಾಕೆಟ್ಟನ್ನು ನಾನು ಯಾರಿಗೂ ಕೊಡುವುದಿಲ್ಲ. ಸ್ಟೋರಿನಲ್ಲಿ ಪೆಟ್ಟಿಗೆಗಳು ನೆಲದಿಂದ 10 ಸೆಂಟಿಮೀಟರ್ ಮೇಲೆ, ಗೋಡೆಯಿಂದ 30 ಸೆಂಟಿಮೀಟರ್ ದೂರ ಇರಬೇಕು. ಮೊದಲು ಎಕ್ಸ್‌ಪೈರಿ ಆಗುವ ಪೆಟ್ಟಿಗೆ ಮುಂದೆ, ಮೊದಲು ಅದೇ ಖಾಲಿಯಾಗಬೇಕು.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಗೋಡೆಯ ಡಬ್ಬಿಯಿಂದ. ಯಾರನ್ನೂ ಕೇಳದೆ ತಗೊಂಡು ಹೋಗಲಿ ಅಂತ ನಮ್ಮಲ್ಲಿ ಕಾಂಡೋಮ್ ಡಬ್ಬಿ ನೇತುಹಾಕಿರುತ್ತಾರೆ. ನಮ್ಮದು ಪಡುವಣ ಜಗಲಿಯಲ್ಲಿತ್ತು. ಮಧ್ಯಾಹ್ನದ ಮೇಲೆ ಬಿಸಿಲು ನೇರ ಅದರ ಮೇಲೆ, ಮುಟ್ಟಿದರೆ ತಗಡು ಸುಡುತ್ತಿತ್ತು. ಒಳಗೆ ಚುಚ್ಚುಮದ್ದಿನ ಕೋಣೆ ಎದುರು ತಂಪು ಜಾಗಕ್ಕೆ ಹಾಕಿಸಿದೆವು. ಆಮೇಲೆ ಡಬ್ಬಿ ತುಂಬಿದ್ದು ತುಂಬಿದ ಹಾಗೇ! ಎದುರಿನ ಬೆಂಚಿನಲ್ಲಿ ಊರಿನವರೆಲ್ಲ ಕೂತಿರುವಾಗ ಯಾರು ಕೈ ಹಾಕುತ್ತಾರೆ? ಕೊನೆಗೆ ಹಿಂದಿನ ಬಾಗಿಲಿಗೆ ಹೋಗುವ ದಾರಿಯ ತಿರುವಿನಲ್ಲಿ ಹಾಕಿಸಿದ ಮೇಲೆ ಖಾಲಿಯಾಗತೊಡಗಿತು. ತಂಪೂ ಇರಬೇಕು, ಮರೆಯೂ ಇರಬೇಕು. ನಾಚಿಕೆ ಬಿಡಿ ಅಂತ ಜನರಿಗೆ ಉಪದೇಶ ಮಾಡುವುದಕ್ಕಿಂತ ಅವರ ಮರೆಗೆ ಸರಿಯಾದ ಜಾಗ ತೋರಿಸುವುದು ಒಳ್ಳೆಯದು ಅಂತ ನನಗೆ ಅನಿಸಿದ್ದು ಆಗಲೇ.

ಅದಕ್ಕೇ ಈಗ ಕೊಡುವಾಗಲೇ ಜಾಗವನ್ನೂ ಹೇಳುತ್ತೇನೆ. ಬಟ್ಟೆ ಬೀರುವಿನ ನಡುವಿನ ಅರೆ, ನಿಮ್ಮದೇ ಬಟ್ಟೆಗಳ ಕೆಳಗೆ, ಮುಚ್ಚಳ ಇರುವ ಸಣ್ಣ ಗಟ್ಟಿ ಡಬ್ಬಿಯಲ್ಲಿ. ಸೂಜಿ, ಪಿನ್ನು ಅದರಲ್ಲಿ ಬೇಡ. ಫ್ರಿಜ್ ಬೇಕಾಗಿಲ್ಲ. ತೋಟದ ಶೆಡ್ಡಿನಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತದ ಪಕ್ಕ ಇಡುವವರೂ ಇದ್ದಾರೆ. ಅದು ತಾಮ್ರದ ಉಪ್ಪು, ತಾಮ್ರ ಅಂದರೆ ರಬ್ಬರಿಗೆ ವಿಷ. ಕೀಟನಾಶಕದ ಹತ್ತಿರವೂ ಬೇಡ.

ಬಳಸುವ ಮುಂಚೆ ನೋಡಿಕೊಳ್ಳುವುದು ಹೇಗೆ ಅಂತ ಒಂದು ಪ್ಯಾಕೆಟ್ ಕೈಯಲ್ಲಿ ಹಿಡಿದೇ ತೋರಿಸುತ್ತೇನೆ. ತಾರೀಕು ಓದಿ. ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ. ಒಳಗೆ ಗಾಳಿ ಇದ್ದು ಪ್ಯಾಕೆಟ್ ಪುಟಿಯಬೇಕು, ಉಂಗುರ ಆಚೀಚೆ ಜಾರಬೇಕು. ಗಾಳಿಯೇ ಇಲ್ಲದೆ ಚಪ್ಪಟೆಯಾಗಿದ್ದರೆ ಎಲ್ಲೋ ತೂತಾಗಿದೆ ಅಂತಲೇ ಲೆಕ್ಕ. ಒಳಗಿನದನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯನ್ನು ಬೆರಳಲ್ಲೇ ಹರಿಯಿರಿ. ಹಲ್ಲು, ಕತ್ತರಿ ಬೇಡ. ಬಿಚ್ಚಿದ ಮೇಲೆ ಅಂಟಂಟಾಗಿದ್ದರೆ, ಗರಿಗರಿ ಅನಿಸಿದರೆ ಎಸೆದುಬಿಡಿ. ನಮ್ಮಲ್ಲಿ ಇದು ಪುಕ್ಕಟೆ, ಇನ್ನೊಂದು ಸಿಗುತ್ತದೆ.

ಇನ್ನು ಕೊಬ್ಬರಿ ಎಣ್ಣೆ. ಕೈಗೆ ಸಿಗುವುದು ಅದೇ ಅಂತ ಹಚ್ಚುತ್ತಾರೆ. ಎಷ್ಟು ಚೆನ್ನಾಗಿ ಇಟ್ಟಿದ್ದರೂ ಎಣ್ಣೆ, ವ್ಯಾಸಲಿನ್ ತಾಗಿದ ಲೇಟೆಕ್ಸ್ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಬೇಕೇ ಬೇಕು ಅಂದರೆ ಮೆಡಿಕಲ್‌ನಲ್ಲಿ ನೀರಿನಿಂದ ಮಾಡಿದ ಜೆಲ್ ಕೇಳಿ.

ಇಷ್ಟೆಲ್ಲ ಮಾಡಿಯೂ ಹರಿಯಬಹುದು. ಆಗ ನಾಚಿಕೊಂಡು ದಿನ ಕಳೆಯಬೇಡಿ. ಗರ್ಭ ತಡೆಯುವ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ ನುಂಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಎಚ್‌ಐವಿ ಭಯ ಇದ್ದರೆ ಅದನ್ನು ತಡೆಯುವ ಔಷಧ ಶುರು ಮಾಡುವುದಕ್ಕೂ 72 ಗಂಟೆಯೇ ಗಡುವು, ಅದಕ್ಕೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ. ನಮ್ಮ ಕಿಟಕಿಗೆ ಬಂದು 'ಹರಿದೋಯ್ತು' ಅಂದರೂ ಸಾಕು, ಮುಂದೆ ಎಲ್ಲಿಗೆ ಹೋಗಬೇಕು ಅಂತ ನಾವೇ ಹೇಳುತ್ತೇವೆ.