ಗಡಿನಾಡಿನ ವಕೀಲರ ಮನೆಗೆ ಹೋಗಿಬಂದೆ

ಮೇ 9ಕ್ಕೆ ಲಕ್ಸೆಂಬರ್ಗಿನಲ್ಲಿ ಸರ್ಕಾರಿ ರಜೆ, 2019ರಿಂದ. ಯುರೋಪ್ ದಿನ ಅಂತ. ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ರಜೆಯನ್ನು ಬಟ್ಟೆ ಒಗೆದು, ಅಡುಗೆ ಮಾಡಿ, ಊರಿಗೆ ಫೋನ್ ಮಾಡಿ ಕಳೆಯುತ್ತಿದ್ದೆ. 2025ರಲ್ಲಿ ಅದು ಶುಕ್ರವಾರ ಬಿತ್ತು. ಫೋನಿನಲ್ಲಿ ಅಮ್ಮ "ಇವತ್ತು ಎಂತ ರಜೆ?" ಅಂತ ಕೇಳಿದರು. ಯುರೋಪಿನವರ ಹಬ್ಬ ಅಂದೆ. "ಎಂತ ಹಬ್ಬ? ಯಾರದ್ದು?" ಅಂದರು. ಸರಿಯಾಗಿ ಉತ್ತರ ಕೊಡಲು ನನಗೆ ಆಗಲಿಲ್ಲ.

ಆ ಮಧ್ಯಾಹ್ನ ಕೂತು ಓದಿದೆ. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮಾನ್ ಪ್ಯಾರಿಸ್ಸಿನಲ್ಲಿ ಒಂದು ಘೋಷಣೆ ಓದಿದರು, ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕಿನ ಉತ್ಪಾದನೆಯನ್ನು ಒಂದೇ ಆಡಳಿತದ ಕೆಳಗೆ ತರೋಣ ಅಂತ. ಈಗಿನ ಯುರೋಪಿಯನ್ ಯೂನಿಯನ್ನಿನ ಬೀಜ ಅದು. ಇಷ್ಟು ಶಾಲೆಯಲ್ಲೂ ಕೇಳಿದ್ದೆ. ಆದರೆ ಆ ಮನುಷ್ಯ ಹುಟ್ಟಿದ್ದು ನನ್ನ ಬಾಡಿಗೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಲಕ್ಸೆಂಬರ್ಗಿನ ಕ್ಲೌಸೆನ್‌ನಲ್ಲಿ, ಅನ್ನುವುದು ಗೊತ್ತೇ ಇರಲಿಲ್ಲ. ಅವರು ತೀರಿಕೊಂಡ ಮನೆ ಗಡಿ ದಾಟಿದರೆ ಮೆಟ್ಸ್ ಊರಿನ ಪಕ್ಕದಲ್ಲಿ. ಶನಿವಾರ ಬೆಳಿಗ್ಗೆಯೇ ಹೊರಟೆ.

ಮೊದಲು ಕ್ಲೌಸೆನ್. ಊರ ಕೋಟೆಯ ಬಂಡೆಗಳ ಕೆಳಗೆ, ಆಲ್ಜೆಟ್ ಹೊಳೆಯ ದಂಡೆಯ ಹಳೆಯ ಕೇರಿ ಅದು. ಇಳಿದು ಹೋಗುವ ದಾರಿ ಕಡಿದು. ಮೇಲೆ ತಲೆ ಎತ್ತಿದರೆ ಕಿರ್ಷ್‌ಬರ್ಗ್ ದಿಬ್ಬದಲ್ಲಿ ಯುರೋಪಿಯನ್ ಸಂಸ್ಥೆಗಳ ಗಾಜಿನ ಕಟ್ಟಡಗಳು, ಅವುಗಳಲ್ಲಿ ಒಂದಕ್ಕೆ ಅವರದ್ದೇ ಹೆಸರು. ಕೆಳಗೆ ಅವರು 1886ರ ಜೂನ್ 29ರಂದು ಹುಟ್ಟಿದ ಮನೆ. ಸ್ವಲ್ಪ ಹೊತ್ತು ಹೊರಗೆ ನಿಂತು ನೋಡಿದೆ.

ಶೂಮಾನ್ ಅವರ ಅಪ್ಪ ಈಶಾನ್ಯ ಫ್ರಾನ್ಸಿನ ಲೊರೇನ್ ಸೀಮೆಯ ಎವ್ರಾಂಜ್ ಹಳ್ಳಿಯವರು, ಲಕ್ಸೆಂಬರ್ಗ್ ಗಡಿಗೆ ಅಂಟಿಕೊಂಡೇ ಇರುವ ಊರು. ಹುಟ್ಟುವಾಗ ಫ್ರೆಂಚ್ ಪ್ರಜೆ. 1870-71ರ ಯುದ್ಧದಲ್ಲಿ ಸೋತ ಫ್ರಾನ್ಸ್ ಅಲ್ಸಾಸನ್ನೂ ಲೊರೇನಿನ ಒಂದು ಭಾಗವನ್ನೂ ಜರ್ಮನಿಗೆ ಬಿಟ್ಟುಕೊಟ್ಟಿತು, ಅಪ್ಪ ಜರ್ಮನ್ ಪ್ರಜೆಯಾದರು. ಅಮ್ಮ ಲಕ್ಸೆಂಬರ್ಗಿನವರು. ಮಗ ಹುಟ್ಟಿದ್ದು ಲಕ್ಸೆಂಬರ್ಗಿನಲ್ಲಿ, ಪೌರತ್ವ ಜರ್ಮನಿಯದ್ದು, ಮುಂದೆ ಪ್ರಧಾನಿಯಾದದ್ದು ಫ್ರಾನ್ಸಿನಲ್ಲಿ!

ನಾನು ಕಾಸರಗೋಡಿನವನು. ನಮ್ಮ ಅಜ್ಜ ಮನೆ ಬದಲಾಯಿಸಿದವರಲ್ಲ, ಆದರೆ ಅವರ ಜಾಗದ ಹಳೆಯ ಕಾಗದಗಳಲ್ಲಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ ಅಂತ ಇದೆ, 1956ರ ನಂತರದವುಗಳಲ್ಲಿ ಕೇರಳ ಅಂತ. ಹಾಗಾಗಿ ಎವ್ರಾಂಜಿನ ಆ ಅಪ್ಪನ ಕತೆ ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿ ಯುದ್ಧ, ಸಾವು ನೋವು ಎಲ್ಲ ಆಗಿತ್ತು, ನಮ್ಮಲ್ಲಿ ಹಾಗೆ ಆಗಲಿಲ್ಲ, ಅದು ದೊಡ್ಡ ವ್ಯತ್ಯಾಸ. ಆದರೂ ಗಡಿನಾಡಿನವರಿಗೆ ಒಂದು ವಿಷಯ ಗೊತ್ತಿರುತ್ತದೆ. ನಕ್ಷೆಯ ಗೆರೆ ಸರಿದ ಮರುದಿನವೂ ಅದೇ ಬಾವಿ, ಅದೇ ತೋಟ, ಆದರೆ ಕಚೇರಿಯ ಅರ್ಜಿ ಮಾತ್ರ ಬೇರೆ ಭಾಷೆಯಲ್ಲಿ ಬರೆಯಬೇಕು.

ಲಕ್ಸೆಂಬರ್ಗಿನ ಒಳಗೆ ರೈಲು ಬಸ್ಸು ಎಲ್ಲ ಉಚಿತ, ಗಡಿಯಿಂದ ಆಚೆಗೆ ಟಿಕೆಟ್ ತಗೋಬೇಕು. ಮೆಟ್ಸ್‌ಗೆ ಮುಕ್ಕಾಲು ಗಂಟೆಯ ಆಸುಪಾಸು ದಾರಿ. ಮೊದಲು ಬೆಟೆಂಬರ್ಗ್ ಬರುತ್ತದೆ, ಶೂಮಾನ್ ಅವರ ಅಮ್ಮನ ತವರು. ಆಮೇಲೆ ಗಡಿ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಕತೆನೋಂ ಅಣುಸ್ಥಾವರದ ಹಬೆ ದೂರದಲ್ಲಿ ಕಂಡಿತು. ಕತೆನೋಂ ಕ್ಷೇತ್ರದಿಂದಲೇ ಶೂಮಾನ್ 1937ರಲ್ಲಿ ಮೊಸೆಲ್ ಜಿಲ್ಲಾ ಪರಿಷತ್ತಿಗೆ ಹೋದದ್ದು. ಆಗ ಅವರು ಪ್ಯಾರಿಸ್ ಸಂಸತ್ತಿನ ಸದಸ್ಯರಾಗಿ ಹದಿನೆಂಟು ವರ್ಷ ಆಗಿತ್ತು, ಆದರೂ ಜಿಲ್ಲೆಯ ಕೆಲಸ ಚಿಕ್ಕದು ಅಂತ ಬಿಡಲಿಲ್ಲ. ವಿದೇಶಾಂಗ ಮಂತ್ರಿಯಾದ ಮೇಲೂ 1949ರ ತನಕ ಅಲ್ಲಿ ಸದಸ್ಯರಾಗಿದ್ದರು.

ತಿಯೋನ್‌ವಿಲ್ ದಾಟಿದರೆ ಹಳೆಯ ಉಕ್ಕಿನ ಸೀಮೆ. ಉಕಾಂಜಿನಲ್ಲಿ 1991ರಲ್ಲಿ ನಿಂತುಹೋದ ಒಂದು ಊದುಕುಲುಮೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಶೂಮಾನ್ ಘೋಷಣೆ ಯಾಕೆ ಕಲ್ಲಿದ್ದಲು ಮತ್ತು ಉಕ್ಕಿನ ಬಗ್ಗೆ ಇತ್ತು ಅನ್ನುವುದು ಈ ದಾರಿಯಲ್ಲಿ ಕಿಟಕಿ ಪಕ್ಕ ಕೂತವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅದಿರು ಲೊರೇನಿನಲ್ಲಿ. ಅದನ್ನು ಕರಗಿಸಲು ಬೇಕಾದ ಒಳ್ಳೆಯ ಕಲ್ಲಿದ್ದಲು ಜರ್ಮನಿಯ ರೂರ್ ಕಣಿವೆಯಲ್ಲಿ. ಎರಡೂ ಸೇರಿದರೆ ಉಕ್ಕು, ಉಕ್ಕಿನಿಂದ ಫಿರಂಗಿ. ಆ ಎರಡು ದೇಶಗಳು ಮತ್ತೆ ಮತ್ತೆ ಕಾದಾಡಿದ್ದವು.

ಮೆಟ್ಸ್ ರೈಲು ನಿಲ್ದಾಣ 1908ರಲ್ಲಿ ಜರ್ಮನರು ಕಟ್ಟಿಸಿದ್ದು, ಕೋಟೆಯ ಹಾಗೆ ಉದ್ದಕ್ಕೆ ಇದೆ. ಹತ್ತು ನಿಮಿಷ ನಡೆದರೆ ಹಳದಿ ಕಲ್ಲಿನ ಫ್ರೆಂಚ್ ಊರು, ನಡುವೆ ಸೇಂಟ್ ಎತಿಯೆನ್ ಕ್ಯಾಥೆಡ್ರಲ್. ಒಳಗೆ ಚಿತ್ರಕಾರ ಶಾಗಾಲ್ ಮಾಡಿದ ಬಣ್ಣದ ಗಾಜುಗಳಿವೆ, ನೋಡದೆ ಬರಬೇಡಿ. ಬೇಕರಿಯಲ್ಲಿ ನಾನು "ಮೆಟ್ಸ್" ಅಂದಾಗ ಅಂಗಡಿಯವರು ನಗುತ್ತಾ "ಮೆಸ್" ಅಂತ ತಿದ್ದಿದರು. ಫ್ರೆಂಚರಿಗೆ ಮೆಸ್, ಜರ್ಮನರಿಗೆ ಮೆಟ್ಸ್. 1871ರಲ್ಲಿ ಜರ್ಮನಿ, 1918ರಲ್ಲಿ ಫ್ರಾನ್ಸ್, 1940ರಲ್ಲಿ ಮತ್ತೆ ಜರ್ಮನಿ, 1944ರಲ್ಲಿ ಮತ್ತೆ ಫ್ರಾನ್ಸ್. ಒಂದೇ ಆಯುಸ್ಸಿನಲ್ಲಿ ಊರಿನ ಹೆಸರನ್ನು ಎಷ್ಟು ಸಲ ಬದಲಾಯಿಸಿ ಹೇಳಿರಬೇಕು ಆ ಜನ!

ಶೂಮಾನ್ 1912ರಲ್ಲಿ ಇಲ್ಲಿ ವಕೀಲಿ ಕಚೇರಿ ತೆರೆದರು. ಅಪ್ಪ ಚಿಕ್ಕಂದಿನಲ್ಲೇ ಹೋಗಿದ್ದರು, 1911ರಲ್ಲಿ ಅಮ್ಮ ಅಪಘಾತದಲ್ಲಿ ತೀರಿಕೊಂಡರು. ಒಬ್ಬನೇ ಮಗ. ಆಗ ಪಾದ್ರಿ ಆಗಿಬಿಡುವ ಮನಸ್ಸು ಮಾಡಿದ್ದರಂತೆ. ಗೆಳೆಯರೊಬ್ಬರು ಕಾಗದ ಬರೆದು ತಡೆದರು, ಮುಂದಿನ ಕಾಲದ ಸಂತರು ಕೋಟು ತೊಟ್ಟ ಸಾಮಾನ್ಯ ಜನರೇ ಆಗಿರುತ್ತಾರೆ ಅನ್ನುವ ಅರ್ಥದಲ್ಲಿ. ಅವರು ಮದುವೆಯಾಗಲಿಲ್ಲ. ಪೂಜೆ, ಪ್ರಾರ್ಥನೆ ತಪ್ಪಿಸಲಿಲ್ಲ. ಆದರೆ ವಕೀಲರಾಗಿ, ರಾಜಕಾರಣಿಯಾಗಿ ಜನರ ನಡುವೆಯೇ ಉಳಿದರು.

1918ರಲ್ಲಿ ಮೆಟ್ಸ್ ನಗರಸಭೆ ಸೇರಿದರು, ಮರುವರ್ಷ ಸಂಸತ್ತು. ಅಲ್ಲಿ ಅವರು ಮಾಡಿದ ಕೆಲಸದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ನನಗೆ ಮಾತ್ರ ಅದೇ ಮುಖ್ಯ ಅನಿಸಿತು. 47 ವರ್ಷ ಜರ್ಮನ್ ಕಾನೂನಿನಲ್ಲಿ ಬದುಕಿದ ಜನ ಏಕಾಏಕಿ ಫ್ರಾನ್ಸಿಗೆ ಬಂದಿದ್ದರು. ಅವರ ಕಾಯಿಲೆ ವಿಮೆ, ಪಿಂಚಣಿ, ಜಮೀನಿನ ದಾಖಲೆ ಪುಸ್ತಕ, ಶಾಲೆ, ಚರ್ಚು, ಎಲ್ಲ ಬೇರೆ ಕ್ರಮದ್ದು. ಪ್ಯಾರಿಸ್ಸಿನವರಿಗೆ ಎಲ್ಲವನ್ನೂ ಒಂದೇ ಪೆಟ್ಟಿಗೆ ಅಳಿಸಿ ಹೊಸದು ಹಾಕುವ ಅವಸರ. ಶೂಮಾನ್ ಒಂದೊಂದು ಕಾಯ್ದೆಯನ್ನೂ ಹಿಡಿದು ಕೂತು, ಇದು ಇರಲಿ, ಇದು ಬದಲಾಗಲಿ, ಇದನ್ನು ಹೀಗೆ ಜೋಡಿಸೋಣ ಅಂತ ವರ್ಷಗಟ್ಟಲೆ ದುಡಿದರು. ಆ ಹೊಂದಾಣಿಕೆಗೆ ಅವರ ಹೆಸರೇ ಅಂಟಿಕೊಂಡಿತು, ಲೆಕ್ಸ್ ಶೂಮಾನ್, ಅಂದರೆ ಶೂಮಾನ್ ಕಾಯ್ದೆ ಅಂತ. 1924ರಲ್ಲಿ ಪ್ರಧಾನಿ ಎರಿಯೊ ಅವರ ಸರ್ಕಾರ ಚರ್ಚು ಮತ್ತು ಸರ್ಕಾರವನ್ನು ಬೇರೆ ಮಾಡುವ ಕಾನೂನನ್ನು ಇಲ್ಲಿಗೂ ತರಲು ಹೊರಟಾಗ ಜನ ಸಿಟ್ಟಾದರು, ಶೂಮಾನ್ ಆ ಜನರ ಕಡೆ ನಿಂತರು. ಇವತ್ತಿಗೂ ಅಲ್ಸಾಸ್ ಮತ್ತು ಮೊಸೆಲ್‌ನಲ್ಲಿ ಪಾದ್ರಿಗಳಿಗೆ ಸರ್ಕಾರದ ಸಂಬಳ ಇದೆ. ಆರೋಗ್ಯ ವಿಮೆ ಬೇರೆ ರೀತಿಯದ್ದು. ಡಿಸೆಂಬರ್ 26ಕ್ಕೂ ರಜೆ. ಬೇರೆ ಬೇರೆ ಕಾನೂನಿನ ಜನರನ್ನು ಒಂದೇ ಸೂರಿನಡಿ ತರುವುದನ್ನು ಅವರು ಕಲಿತದ್ದು ಇಲ್ಲಿಯೇ ಅಂತ ನಾನು ನಂಬುತ್ತೇನೆ. 1950ರಲ್ಲಿ ಮಾಡಿದ್ದು ಅದೇ ಕೆಲಸ, ಆರು ದೇಶಗಳ ಅಳತೆಯಲ್ಲಿ.

ಮಧ್ಯಾಹ್ನದ ಬಸ್ಸಿಗೆ ಕಾಯದೆ ಶೂಮಾನ್ ಅವರ ಮನೆಯಿರುವ ಸಿ-ಶಾಝೆಲ್‌ಗೆ ನಡೆದೇ ಹೋದೆ, ಐದು ಕಿಲೋಮೀಟರಿನಷ್ಟು. ಮೊದಲು ಮೊಸೆಲ್ ಹೊಳೆ ದಾಟಬೇಕು, ಆಮೇಲೆ ಸೇಂಟ್ ಕಾಂತೆನ್ ಬೆಟ್ಟದ ಕಡೆಗೆ ಏರು ದಾರಿ. ಬಿಸಿಲು ಹದವಾಗಿತ್ತು. ಕಿರಿದಾದ ಬೀದಿಗಳು, ಗೋಡೆಯ ಮೇಲೆ ಹೂವಿನ ಬಳ್ಳಿ, ಅಲ್ಲಲ್ಲಿ ದ್ರಾಕ್ಷಿ ತೋಟ. ದಾರಿ ಕೇಳಿದಾಗ ಒಬ್ಬ ಅಜ್ಜಿ ಕೈ ಹಿಡಿದು ನಡೆಸುವಷ್ಟು ವಿವರವಾಗಿ ಹೇಳಿದರು.

ಮನೆ 1926ರಲ್ಲಿ ಕೊಂಡದ್ದು. ಈಗ ಜಿಲ್ಲಾಡಳಿತದ ವಸ್ತುಸಂಗ್ರಹಾಲಯ. ಎರಡು ಸಲ ಫ್ರಾನ್ಸಿನ ಪ್ರಧಾನಿಯಾದವರ, ನಾಲ್ಕೂವರೆ ವರ್ಷ ವಿದೇಶಾಂಗ ಮಂತ್ರಿಯಾದವರ ಮನೆ ಅಂದರೆ ನಂಬಲು ಕಷ್ಟ, ಅಷ್ಟು ಸರಳ. ಪುಸ್ತಕಗಳದ್ದೇ ರಾಜ್ಯ. ಹಿಂದೆ ತರಕಾರಿ, ಹೂವಿನ ತೋಟ, ಕೆಳಗೆ ಕಣಿವೆ. ನಾವು ಏಳೆಂಟು ಜನ ಇದ್ದೆವು, ಅದರಲ್ಲಿ ಒಂದು ಜರ್ಮನ್ ಕುಟುಂಬ. ಅವರ ಚಿಕ್ಕ ಮಗಳು ಇಡೀ ಹೊತ್ತು ಕಿಟಕಿಯಿಂದ ತೋಟದ ಜೇನ್ನೊಣಗಳನ್ನೇ ನೋಡುತ್ತಿದ್ದಳು.

ಇಲ್ಲಿ ನಡೆದ ಒಂದು ವಾರಾಂತ್ಯದ ಬಗ್ಗೆ ಹೇಳಲೇಬೇಕು. 1950ರ ಏಪ್ರಿಲ್ 28, ಶುಕ್ರವಾರ. ಜರ್ಮನಿಯನ್ನು ಏನು ಮಾಡುವುದು ಅಂತ ಅಮೆರಿಕ, ಬ್ರಿಟನ್ ಮಂತ್ರಿಗಳ ಮುಂದೆ ಮೇ ತಿಂಗಳಲ್ಲಿ ಫ್ರಾನ್ಸ್ ಹೇಳಬೇಕಿತ್ತು, ಹೇಳಲು ಏನೂ ಇರಲಿಲ್ಲ. ಯೋಜನಾ ಮುಖ್ಯಸ್ಥ ಜಾನ್ ಮೊನೆ ಒಂದು ಕರಡು ಬರೆದಿದ್ದರು, ಮುಂದೆ ಮೇ 9ರ ಘೋಷಣೆಯಾದದ್ದು ಅದೇ. ಶೂಮಾನ್ ಅವರ ಆಪ್ತ ಅಧಿಕಾರಿ ಬೆರ್ನಾರ್ ಕ್ಲಾಪಿಯೆ ಅದನ್ನು ಪ್ಯಾರಿಸ್ಸಿನ ರೈಲು ನಿಲ್ದಾಣದಲ್ಲಿ, ಊರಿಗೆ ಹೊರಟಿದ್ದ ಮಂತ್ರಿಯ ಕೈಗೆ ಕೊಟ್ಟರು. ಎರಡು ದಿನ ಶೂಮಾನ್ ಈ ಮನೆಯಲ್ಲಿ ಒಬ್ಬರೇ ಅದನ್ನು ಓದಿದರು. ಸೋಮವಾರ ವಾಪಸ್ ಬಂದು ರೈಲಿಳಿದಾಗ ಕ್ಲಾಪಿಯೆಗೆ ಹೇಳಿದ್ದು ಇಷ್ಟೇ: ಓದಿದೆ, ಇದರ ಹೊಣೆ ನನ್ನದು.

ಎರಡೇ ದಿನ. ಆ ಹೊತ್ತಿಗೆ ಯುದ್ಧ ಮುಗಿದು ಐದು ವರ್ಷವೂ ತುಂಬಿರಲಿಲ್ಲ. ಇದೇ ಊರಿನ ಜನರನ್ನು ನಾಜಿಗಳು ಓಡಿಸಿದ್ದರು. ಶೂಮಾನ್ ಅವರನ್ನೇ 1940ರ ಸೆಪ್ಟೆಂಬರಿನಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಪೋ ಹಿಡಿದು ಏಳು ತಿಂಗಳು ಜೈಲಿನಲ್ಲಿಟ್ಟು, ಆಮೇಲೆ ಜರ್ಮನಿಯ ನೊಯ್‌ಷ್ಟಾಟಿನಲ್ಲಿ ಕಾವಲಿನಲ್ಲಿ ಇರಿಸಿತ್ತು. 1942ರ ಆಗಸ್ಟಿನಲ್ಲಿ ತಪ್ಪಿಸಿಕೊಂಡು ಫ್ರಾನ್ಸ್ ಬಿಡುಗಡೆಯಾಗುವ ತನಕ ಮಠ ಮುಂತಾದ ಕಡೆ ಅಡಗಿದ್ದರು. ಅಂಥವರು ಜರ್ಮನಿಯನ್ನು ಸಮಾನವಾಗಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ ಅನ್ನುವುದು ಸುಮ್ನೆ ಮಾತಲ್ಲ.

ಅವರ ಬದುಕಿನಲ್ಲಿ ನನಗೆ ನುಂಗಲು ಕಷ್ಟವಾದ ಭಾಗವೂ ಇದೆ. 1940ರ ಜುಲೈ 10ರಂದು, ಜರ್ಮನಿಗೆ ಶರಣಾಗಿ ಆಮೇಲೆ ಅದರೊಡನೆ ಕೈಜೋಡಿಸಿದ ಮಾರ್ಷಲ್ ಪೆತ್ಯಾಂಗೆ ಪೂರ್ಣ ಅಧಿಕಾರ ಕೊಟ್ಟ 569 ಸಂಸದರಲ್ಲಿ ಶೂಮಾನ್ ಒಬ್ಬರು. ಬೇಡ ಅಂದವರು 80 ಮಂದಿ. ಅದು ತಪ್ಪು ಮತ ಅಂತಲೇ ನನ್ನ ಅಭಿಪ್ರಾಯ. ಯುದ್ಧದ ನಂತರ ಅದೇ ಕಾರಣಕ್ಕೆ ಅವರನ್ನು ಚುನಾವಣೆಯಿಂದ ದೂರ ಇಟ್ಟಿದ್ದರು, 1945ರಲ್ಲಿ ಆ ನಿಷೇಧ ತೆಗೆದರು. ಆಮೇಲೂ ಸುಲಭ ಇರಲಿಲ್ಲ. 1947ರಲ್ಲಿ ಪ್ರಧಾನಿಯಾದಾಗ ಸಂಸತ್ತಿನಲ್ಲೇ ಕಮ್ಯುನಿಸ್ಟರು ಅವರನ್ನು "ಬೋಶ್" ಅಂತ ಕೂಗಿದರು, ಜರ್ಮನರನ್ನು ಬೈಯುವ ಕೆಟ್ಟ ಮಾತು ಅದು. ಅವರ ಫ್ರೆಂಚಿನಲ್ಲಿ ಗಡಿಯ ರಾಗ ಇತ್ತು. ನಮ್ಮ ಕನ್ನಡ ಕೇಳಿ ಬೆಂಗಳೂರಿನಲ್ಲಿ ಕೆಲವರು "ನೀವು ಮಲಯಾಳಿಗಳಾ?" ಅನ್ನುವಾಗ ಒಳಗೆ ಏನಾಗುತ್ತದೆ ಅಂತ ನನಗೆ ಗೊತ್ತು.

ಮನೆಯ ಹತ್ತಿರ ನಾಲ್ಕು ಜನರ ಕಂಚಿನ ಪ್ರತಿಮೆ ಇದೆ, 2012ರಲ್ಲಿ ಇಟ್ಟದ್ದು: ಶೂಮಾನ್, ಮೊನೆ, ಜರ್ಮನಿಯ ಚಾನ್ಸೆಲರ್ ಅಡೆನೌರ್, ಇಟಲಿಯ ಪ್ರಧಾನಿ ದೆ ಗಾಸ್ಪೆರಿ. ಮೊನೆ ಬಿಟ್ಟರೆ ಮೂವರೂ ಶ್ರದ್ಧೆಯ ಕ್ಯಾಥೊಲಿಕರು, ಕ್ರಿಶ್ಚಿಯನ್ ಡೆಮೊಕ್ರಾಟ್ ಪಕ್ಷದವರು. ಅಡೆನೌರ್ ಕಲೋನ್ ನಗರದ ಮೇಯರ್ ಆಗಿದ್ದವರು. ದೆ ಗಾಸ್ಪೆರಿ ಹುಟ್ಟಿದ ಊರು ಆಗ ಆಸ್ಟ್ರಿಯಾದ್ದು, ಮೊದಲು ಸಂಸದರಾದದ್ದು ವಿಯೆನ್ನಾದಲ್ಲಿ! ಮೂವರಿಗೂ ಜರ್ಮನ್ ಬರುತ್ತಿತ್ತು, ದುಭಾಷಿ ಬೇಕಿರಲಿಲ್ಲ.

1951ರಲ್ಲಿ ಆರು ದೇಶಗಳ ಒಪ್ಪಂದ ಆಯಿತು. ಮರುವರ್ಷ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯದ ಕಚೇರಿ ಲಕ್ಸೆಂಬರ್ಗಿನಲ್ಲಿ ಶುರುವಾಯಿತು. 1958ರ ಮಾರ್ಚ್ 19ರಂದು ಸ್ಟ್ರಾಸ್‌ಬರ್ಗಿನಲ್ಲಿ 142 ಸದಸ್ಯರ ಯುರೋಪಿಯನ್ ಸಭೆ ಸೇರಿದಾಗ ಶೂಮಾನ್ ಮೊದಲ ಅಧ್ಯಕ್ಷರಾದರು. ಅಲ್ಲಿ ದೇಶದ ಲೆಕ್ಕದಲ್ಲಿ ಕೂರುವ ಹಾಗಿರಲಿಲ್ಲ, ಪಕ್ಷದ ಲೆಕ್ಕದಲ್ಲಿ ಕೂರಬೇಕು, ಅಂದರೆ ಒಬ್ಬ ಜರ್ಮನ್ ಸಮಾಜವಾದಿಯ ಪಕ್ಕ ಒಬ್ಬ ಫ್ರೆಂಚ್ ಸಮಾಜವಾದಿ. 1960ರಲ್ಲಿ ಕೆಳಗಿಳಿಯುವಾಗ ಅವರಿಗೆ ಯುರೋಪಿನ ತಂದೆ ಅನ್ನುವ ಬಿರುದು ಕೊಟ್ಟರು.

ತೀರಿಕೊಂಡದ್ದು ಇದೇ ಮನೆಯಲ್ಲಿ, 1963ರ ಸೆಪ್ಟೆಂಬರ್ 4ರಂದು. ಸಮಾಧಿ ಎದುರಿನ ಚರ್ಚಿನೊಳಗೆ. 12ನೇ ಶತಮಾನದ ಕಟ್ಟಡ, ದಪ್ಪ ಗೋಡೆ. 2021ರ ಜೂನಿನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಪೂಜ್ಯರು ಅಂತ ಘೋಷಿಸಿದರು, ಸಂತ ಪದವಿಯ ದಾರಿಯಲ್ಲಿ ಅದೊಂದು ಮೆಟ್ಟಿಲು. ನಾನು ಕ್ರೈಸ್ತನಲ್ಲ. ಆದರೂ ಒಳಗೆ ಬೆಂಚಿನ ಮೇಲೆ ತುಂಬ ಹೊತ್ತು ಕೂತೆ. ಸಂಸತ್ತಿಗೂ ಯುರೋಪಿಯನ್ ಸಭೆಗೂ ಹೋಗಿಬರುವ ನಡುವೆ ಅವರು ಊರಿಗೆ ಬಂದರೆ ಬೀದಿ ದಾಟಿ ಬರುತ್ತಿದ್ದದ್ದು ಇಲ್ಲಿಗೇ ಅಲ್ವಾ ಅಂತ ಯೋಚಿಸುತ್ತಾ.

ಸಂಜೆ ಮೆಟ್ಸ್ ನಿಲ್ದಾಣದಿಂದ ಅಮ್ಮನಿಗೆ ಫೋನ್ ಮಾಡಿದೆ. ರಜೆ ಯಾರದ್ದು ಅಂತ ಹೇಳಿದೆ, ಕಲ್ಲಿದ್ದಲು, ಉಕ್ಕು, ಜೈಲು, ಎಲ್ಲ. ಅಮ್ಮ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಮನೆಯಲ್ಲಿ ಯಾವ ಭಾಷೆ ಮಾತಾಡ್ತಿದ್ದರು?"

"ಲಕ್ಸೆಂಬರ್ಗಿನ ಭಾಷೆ. ಕಾಲೇಜಿನಲ್ಲಿ ಜರ್ಮನ್. ಸಂಸತ್ತಿನಲ್ಲಿ ಫ್ರೆಂಚ್."

ನಮ್ಮಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಅಮ್ಮ ಸ್ವಲ್ಪ ಸುಮ್ಮನಿದ್ದು, "ಅವರ ಮನೆಯ ಫೋಟೊ ಕಳಿಸು" ಅಂದರು. ರೈಲು ಬರುವ ಮೊದಲೇ ಕಳಿಸಿದೆ.