ಮನೆಪಟ್ಟಿಯನ್ನು ಅಲ್ಲಿ ಬದುಕುವವರೇ ಬರೆಯಬೇಕು

ಬಡವರ ಬಡಾವಣೆಗಳು ಸೇರಿ ಕಟ್ಟಿಕೊಂಡಿರುವ ಒಂದು ಒಕ್ಕೂಟದಲ್ಲಿ ನನಗೆ ಕೆಲಸ. ಒಂದೊಂದು ಬಡಾವಣೆಗೂ ತನ್ನದೇ ಉಳಿತಾಯದ ಗುಂಪು ಇರುತ್ತದೆ. ಆ ಗುಂಪುಗಳೆಲ್ಲ ಒಟ್ಟಾಗಿ ಜಾಗದ ಹಕ್ಕು, ನೀರು, ಚರಂಡಿ, ಕೊನೆಗೆ ಮನೆಯವರೆಗೂ ಓಡಾಡುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲು ಕೇಳುವುದು ದುಡ್ಡಿನ ವಿಚಾರ. ಸಾಲ ಎಲ್ಲಿಂದ ಬರುತ್ತದೆ, ಸಬ್ಸಿಡಿ ಎಷ್ಟು ಅಂತ. ನಾನು ಅವರ ಕೈಗೆ ಮೊದಲು ಕೊಡುವುದು ಮನೆಪಟ್ಟಿಯ ಪುಸ್ತಕ, ಅಂದರೆ ಬಡಾವಣೆಯ ಒಂದೊಂದು ಮನೆಯ ಲೆಕ್ಕ ಬರೆದಿಟ್ಟ ಪುಸ್ತಕ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಅದರಲ್ಲೇ ಇದೆ.

ಪಟ್ಟಿ ಬರೆಯುವುದು ಹೇಗೆ ಅಂತ ಹೇಳುತ್ತೇನೆ. ಗುಂಪಿನ ಹೆಂಗಸರು ಓಣಿಯ ಒಂದು ತುದಿಯಿಂದ ಹೊರಡುತ್ತಾರೆ. ಒಬ್ಬರು ಬಾಗಿಲಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆಯುತ್ತಾರೆ, ಒಬ್ಬರು ನಕ್ಷೆ ಗೀಚುತ್ತಾರೆ, ಇನ್ನೊಬ್ಬರು ಕೇಳಿ ಬರೆದುಕೊಳ್ಳುತ್ತಾರೆ. ಎಷ್ಟು ಜನ, ಎಷ್ಟು ವರ್ಷದಿಂದ ಇದ್ದಾರೆ, ಸ್ವಂತವೋ ಬಾಡಿಗೆಯೋ, ನೀರು ಎಲ್ಲಿಂದ ತರುತ್ತಾರೆ, ಕೆಲಸಕ್ಕೆ ಎಷ್ಟು ದೂರ ಹೋಗುತ್ತಾರೆ. ಹೊರಗಿನಿಂದ ಬಂದ ಸರ್ವೆ ಹುಡುಗ ಬಾಗಿಲಲ್ಲೇ ನಿಂತು ಕೇಳುತ್ತಾನೆ. ಒಳಗಿನಿಂದ 'ಐದು ಜನ' ಅಂತ ಉತ್ತರ ಬರುತ್ತದೆ. ಅವನು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ಅದೇ ಓಣಿಯ ಹೆಂಗಸು ಹಾಗೆ ಹೋಗುವುದಿಲ್ಲ. 'ಅಕ್ಕಾ, ಹಿಂದಿನ ಕೋಣೆಯಲ್ಲಿ ನಿಮ್ಮ ಮೈದುನನ ಒಲೆ ಬೇರೆ ಅಲ್ವಾ?' ಅಂತ ಕೇಳುತ್ತಾಳೆ. ಕೇಳಿದ ಮೇಲೆ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರುತ್ತದೆ. ಸೂರು ಒಂದೇ, ಒಲೆ ಎರಡು, ಅಂದರೆ ಕುಟುಂಬ ಎರಡು. ನಾಳೆ ಬೇರೆ ಕಡೆ ಮನೆ ಕೊಡುವಾಗ ಈ ಒಂದು ಸಾಲಿನ ಮೇಲೆ ಒಂದು ಸಂಸಾರದ ಬದುಕೇ ನಿಂತಿರುತ್ತದೆ.

ಬರೆದಾದ ಮೇಲೆ ಪಟ್ಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ. ನನಗೆ ತುಂಬ ಇಷ್ಟವಾದ ಭಾಗ ಇದು. ಯಾರ ಹೆಸರು ಬಿಟ್ಟುಹೋಗಿದೆ ಅನ್ನುವುದು ಅಲ್ಲೇ ಹೊರಬೀಳುತ್ತದೆ. ಅಲ್ಲಿ ವಾಸವೇ ಇಲ್ಲದವರು ಹೆಸರು ತೂರಿಸಿದ್ದರೆ ಅದೂ ಹೊರಬೀಳುತ್ತದೆ, ಯಾಕೆಂದರೆ ಪಕ್ಕದ ಮನೆಯವರು ಸುಮ್ನೆ ಕೂರುವುದಿಲ್ಲ. ಜಗಳವೂ ಆಗುತ್ತದೆ. ಆಗಲಿ. ಮನೆ ಹಂಚುವ ದಿನ ಆಗಬೇಕಾಗಿದ್ದ ಜಗಳ ಈಗಲೇ ಮುಗಿದರೆ ಒಳ್ಳೆಯದು.

ಈ ಪದ್ಧತಿ ನಮ್ಮ ಒಕ್ಕೂಟ ಹುಟ್ಟುಹಾಕಿದ್ದಲ್ಲ. ಮುಂಬೈಯ ಫುಟ್‌ಪಾತ್‌ಗಳ ಮೇಲೆ ಗುಡಿಸಲು ಹಾಕಿಕೊಂಡವರ ಬಗ್ಗೆ ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪು ಕೊಟ್ಟಿತು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಅಂತ ಅದು ಹೇಳಿತು. ಆದರೆ ನೋಟಿಸ್ ಕೊಟ್ಟು ತೆರವು ಮಾಡುವುದಕ್ಕೂ ದಾರಿ ಬಿಟ್ಟಿತು. ಆಗ ಸ್ಪಾರ್ಕ್ ಅನ್ನುವ ಮುಂಬೈಯ ಸ್ವಯಂಸೇವಾ ಸಂಸ್ಥೆ ಅಲ್ಲಿನ ಜನರ ಜೊತೆ ಸೇರಿ ಸುಮಾರು 6,000 ಮನೆಗಳ ಲೆಕ್ಕ ಬರೆಯಿತು. ಇವರು ಇವತ್ತು ಬಂದು ನಾಳೆ ಹೋಗುವವರು ಅಂತ ಊರಿಡೀ ಅಂದುಕೊಂಡಿತ್ತು. ಪಟ್ಟಿ ನೋಡಿದರೆ ವರ್ಷಗಟ್ಟಲೆ ಅಲ್ಲೇ ಸಂಸಾರ ಮಾಡಿಕೊಂಡು, ನಡೆದೇ ಕೆಲಸಕ್ಕೆ ಹೋಗಿಬರುತ್ತಿದ್ದ ಜನ. ಅದರ ಬೆನ್ನಿಗೇ 1986ರಲ್ಲಿ ಆ ಹೆಂಗಸರ ಉಳಿತಾಯ ಗುಂಪುಗಳು ಮಹಿಳಾ ಮಿಲನ್ ಅನ್ನುವ ಸಂಘಟನೆ ಆದವು. ಅವರು ತಮಗೆ ಎಂಥ ಮನೆ ಬೇಕು ಅಂತ ಸೀರೆ ಹಿಡಿದು ಅಳತೆ ಹಾಕಿ, ಮರ ಬಟ್ಟೆಯಲ್ಲಿ ನಿಜವಾದ ಗಾತ್ರದ ಮನೆ ನಿಲ್ಲಿಸಿ ನೋಡಿದರು. 14 ಅಡಿ ಎತ್ತರದ ಕೋಣೆ, ಒಳಗೊಂದು ಅಟ್ಟ. ಜಾಗ ಕಡಿಮೆ ಇದ್ದರೂ ಮಲಗುವುದಕ್ಕೆ ಬೇರೆ ಮೂಲೆ ಸಿಗುತ್ತದಲ್ಲ, ಅದಕ್ಕೆ. ಮುಂದೆ ರೈಲು ಹಳಿಗಳ ಪಕ್ಕದಲ್ಲಿದ್ದ ಹತ್ತಾರು ಸಾವಿರ ಜನರನ್ನು ಬೇರೆ ಕಡೆ ಸಾಗಿಸುವ ಕಾಲ ಬಂದಾಗಲೂ ಇಂಥದೇ ಪಟ್ಟಿಗಳು ನೆರವಿಗೆ ಬಂದವು.

ಆ ಕೆಲಸದ ಹಿಂದೆ ನಿಂತಿದ್ದ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟದ ಮುಂದಾಳು ಜೋಕಿನ್ ಅರ್ಪುತಂ. ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಬದುಕಿದ್ದು ಮುಂಬೈ ಕೊಳೆಗೇರಿಯಲ್ಲಿ. ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 2000ದಲ್ಲಿ. ಕನ್ನಡದವರು ಅವರ ಹೆಸರನ್ನು ಇನ್ನೂ ಜಾಸ್ತಿ ತಿಳಿದಿರಬೇಕಿತ್ತು ಅಂತ ನನ್ನ ಆಸೆ. ಬೇರೆ ಬೇರೆ ದೇಶಗಳ ಇಂಥ ಒಕ್ಕೂಟಗಳು 1996ರಲ್ಲಿ ಕೈಜೋಡಿಸಿ ಸ್ಲಂ ಡ್ವೆಲರ್ಸ್ ಇಂಟರ್‌ನ್ಯಾಷನಲ್, ಅಂದರೆ ಎಸ್‌ಡಿಐ ಅನ್ನುವ ಜಾಲ ಕಟ್ಟಿದಾಗ ಅದರ ಮುಂಚೂಣಿಯಲ್ಲೂ ಅವರಿದ್ದರು.

ಜಾಲದಿಂದ ಏನು ಲಾಭ ಅಂತ ಜನ ನನ್ನನ್ನು ಕೇಳುತ್ತಾರೆ. ಹೊಸ ಬಡಾವಣೆಗೆ ನಾನು ಹೋಗಿ ಪಟ್ಟಿಯ ವಿಚಾರ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಪುಸ್ತಕ ಹಿಡಿಯುವುದಿಲ್ಲ. ಬ್ಯಾಗು ನೇತುಹಾಕಿಕೊಂಡು ಬಂದವರನ್ನು ಅವರು ಎಷ್ಟು ಜನರನ್ನು ನೋಡಿಲ್ಲ! ಅದೇ, ಎತ್ತಂಗಡಿಯ ನೋಟಿಸ್ ಕಂಡು, ಪಟ್ಟಿ ಬರೆದು, ಮಾತುಕತೆ ಮಾಡಿ ಮನೆ ಪಡೆದ ಇನ್ನೊಂದು ಬಡಾವಣೆಯ ಹೆಂಗಸು ಬಂದು ಕೂತರೆ ಪ್ರಶ್ನೆಗಳೇ ಬೇರೆ. ಗಂಡ ಬೇಡ ಅಂದಾಗ ಏನು ಮಾಡಿದಿರಿ? ಪುಢಾರಿ ಬಂದು ಹೆದರಿಸಿದನಾ? ಸಹಿ ಯಾರ ಹೆಸರಲ್ಲಿ ಹಾಕಿದಿರಿ? ಇವುಗಳಿಗೆ ನನ್ನ ಹತ್ತಿರ ಉತ್ತರ ಇಲ್ಲ, ಅವರ ಹತ್ತಿರ ಇದೆ. ಅಂಥ ಹೊತ್ತಲ್ಲಿ ಸಂಸ್ಥೆಯವರು ಹಿಂದೆ ಕೂತು ಬಾಯಿಮುಚ್ಚಿ ಕೇಳಿಸಿಕೊಳ್ಳಬೇಕು. ಅದು ಕೂಡ ಕೆಲಸವೇ.

ಕಚೇರಿಯ ಮೇಜಿನ ಮುಂದೆಯೂ ಹಾಗೇ. ಅಧಿಕಾರಿಯ ಕಡತದಲ್ಲಿರುವ ಲೆಕ್ಕಕ್ಕೂ ನಮ್ಮ ಪುಸ್ತಕದ ಲೆಕ್ಕಕ್ಕೂ ತಾಳೆ ಬೀಳುವುದಿಲ್ಲ, ನಮ್ಮದು ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಆಗ 'ಬನ್ನಿ ಸಾರ್, ಯಾವ ನಂಬರ್ ಮೇಲೆ ಅನುಮಾನ ಇದೆಯೋ ಆ ಬಾಗಿಲಿಗೇ ಹೋಗೋಣ' ಅಂತ ಪಟ್ಟಿ ಬರೆದವಳೇ ಹೇಳಿದರೆ ಮಾತಿಗೆ ತೂಕ ಬರುತ್ತದೆ. ಬೇಡಿಕೆಯ ಅರ್ಜಿ ಹಿಡಿದು ನಿಂತವರು ಅಲ್ಲಿಂದಾಚೆಗೆ ಲೆಕ್ಕ ಇಟ್ಟುಕೊಂಡವರಾಗಿ ಎದುರು ಕೂರುತ್ತಾರೆ.

ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಬಾಡಿಗೆಯವರು ಪಟ್ಟಿಯಲ್ಲಿ ಇರಲೇಬೇಕು. ಗುಡಿಸಲಿನ ಮಾಲೀಕರಿಗೆ ಇದು ಇಷ್ಟವಾಗುವುದಿಲ್ಲ, ತಮ್ಮ ಪಾಲು ಹೋದೀತು ಅನ್ನುವ ಭಯ. ಆ ಭಯ ಸುಳ್ಳೂ ಅಲ್ಲ. ಆದರೆ ಒಕ್ಕಲೆಬ್ಬಿಸಿದಾಗ ಎಲ್ಲರಿಗಿಂತ ಮೊದಲು ಬೀದಿಗೆ ಬೀಳುವವರು, ಕೈಯಲ್ಲಿ ಒಂದು ಚೀಟಿಯೂ ಇಲ್ಲದವರು ಇವರೇ. ಅವರನ್ನು ಬಿಟ್ಟು ಬರೆದ ಪಟ್ಟಿಯಿಂದ ಹುಟ್ಟಿದ ಯೋಜನೆ ಅವರಿಗೆ ಇನ್ನೊಂದು ಎತ್ತಂಗಡಿ ಆಗುತ್ತದೆ.

ಪಟ್ಟಿ ಬರೆಯುತ್ತ ಒಟ್ಟಾದ ಗುಂಪು ಮನೆ ಸಿಕ್ಕ ಮೇಲೂ ಉಳಿಯಬೇಕು. ಒಂದೊಂದೇ ಕುಟುಂಬದ ಹೆಸರಿಗೆ ಜಾಗ ಹೋದರೆ, ಕಾಯಿಲೆಯೋ ಸಾಲವೋ ಬಂದ ದಿನ ಒಳ್ಳೆಯ ಬೆಲೆ ಕೊಡುವವರು ಬಾಗಿಲಿಗೆ ಬರುತ್ತಾರೆ. ಥಾಯ್ಲೆಂಡ್‌ನಲ್ಲಿ 2003ರಲ್ಲಿ ಬಡವರ ಮನೆಗಳಿಗಾಗಿ ಶುರುವಾದ ಬಾನ್ ಮನ್‌ಕೊಂಗ್ ಯೋಜನೆಯಲ್ಲಿ ಸಾಲ ಹೋಗುವುದು ಬಡಾವಣೆಯ ಸಹಕಾರ ಸಂಘಕ್ಕೆ. ಜಾಗದ ಕೊಳ್ಳುವಿಕೆಯೋ ಗುತ್ತಿಗೆಯೋ ಕೂಡ ಸಂಘದ ಲೆಕ್ಕದಲ್ಲೇ. ಅಮೆರಿಕದಲ್ಲಿ ಕಪ್ಪು ಜನರ ಹೋರಾಟದ ನಡುವೆ 1969ರಲ್ಲಿ ಜಾರ್ಜಿಯಾದಲ್ಲಿ ಮೊಳಕೆಯೊಡೆದ ಸಮುದಾಯ ಭೂ ಟ್ರಸ್ಟ್ ಇನ್ನೊಂದು ದಾರಿ. ನೆಲ ಟ್ರಸ್ಟಿನದು, ಅದರ ಮೇಲಿನ ಮನೆ ಕುಟುಂಬದ್ದು. ನೆಲ ಸಾಮಾನ್ಯವಾಗಿ 99 ವರ್ಷದ ಗುತ್ತಿಗೆಗೆ. ಮನೆ ಮಾರಬಹುದು, ಆದರೆ ಮೊದಲೇ ಒಪ್ಪಿಕೊಂಡ ಸೂತ್ರದ ಬೆಲೆಗೆ ಮಾತ್ರ. ಹಾಗಾಗಿ ಆಮೇಲೆ ಬರುವ ಬಡ ಕುಟುಂಬಕ್ಕೂ ಅದು ಕೈಗೆಟಕುತ್ತದೆ. ಎಲ್ಲ ಕಡೆ ಇದೇ ನಡೆಯುತ್ತದೆ ಅನ್ನಲಾರೆ, ಕಾನೂನು ಒಂದೊಂದು ಕಡೆ ಒಂದೊಂದು ಥರ. ಯಾವ ದಾರಿ ಅಂತ ಬಡಾವಣೆಯವರು ಮನೆ ಕಟ್ಟುವ ಮೊದಲೇ ಕೂತು ತೀರ್ಮಾನಿಸಬೇಕು. ಬೀಗದ ಕೈ ಸಿಕ್ಕ ಮೇಲೆ ಆ ಮಾತು ಎತ್ತಿದರೆ ಯಾರಿಗೂ ಕಿವಿ ಇರುವುದಿಲ್ಲ.

ಇನ್ನು ಖರ್ಚಿನ ಮಾತು. ಹಣ ಕೊಡುವವರು ಬಜೆಟ್ ಕತ್ತರಿಸುವಾಗ ಮೊದಲು ಕೈ ಹಾಕುವುದು ಬಡಾವಣೆಯಿಂದ ಬಡಾವಣೆಗೆ ಹೋಗುವ ಓಡಾಟಕ್ಕೆ. ಕಟ್ಟಡದ ಫೋಟೊ ತೋರಿಸಬಹುದು, ಒಂದು ಬಡಾವಣೆಯ ಹೆಂಗಸರು ಇನ್ನೊಂದಕ್ಕೆ ಹೋಗಿ ಎರಡು ದಿನ ಮಾತಾಡಿ ಬಂದದ್ದನ್ನು ಏನಂತ ತೋರಿಸುವುದು? ಹಾಗಾಗಿ ನಾವು ಬಜೆಟ್ ಬರೆಯುವಾಗ ಅವರ ಬಸ್ ಚಾರ್ಜು ಮತ್ತು ಆ ದಿನಗಳ ಕೂಲಿಯನ್ನು ಎಲ್ಲಕ್ಕಿಂತ ಮೇಲಿನ ಸಾಲಿನಲ್ಲೇ ಹಾಕುತ್ತೇವೆ. ಕೂಲಿ ಬಿಟ್ಟು ಬರುವವರಿಗೆ ಬರೀ ಊಟ ಹಾಕಿ ಕಳಿಸುವುದು ಸರಿಯಲ್ಲ. ಕಡಿಮೆ ಮಾಡಿ ಅಂತ ಕೇಳಿದರೆ ಕಚೇರಿಯ ಖರ್ಚಿನಲ್ಲಿ ಹಿಡಿತ ಮಾಡುತ್ತೇವೆ, ಇದರಲ್ಲಿ ಮಾಡುವುದಿಲ್ಲ.